ಮನೆ ಎದುರು ಪೂರ್ತಿ ಇಂಟರ್‌ಲಾಕ್ ಹಾಕಿಸಬೇಕಾ?

ಕೇಳಿದ್ದು: ಮಣಿಪಾಲದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಎದುರು ಎರಡೂವರೆ ಸೆಂಟ್ಸ್ ಜಾಗ ಉಳಿದಿದೆ. ಪೂರ್ತಿ ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸಿ ಹಾಸುವ ಸಿಮೆಂಟ್ ಇಟ್ಟಿಗೆ) ಹಾಕಿಸಿ ಅಂತಾರೆ ಕಂಟ್ರಾಕ್ಟರ್. ಅತ್ತೆಗೆ ಮಣ್ಣಿನ ಅಂಗಳವೇ ಬೇಕು. ನನಗೆ ಸ್ವಲ್ಪ ಲಾನ್ ಆಸೆ. ಅನುಭವ ಇದ್ದವರು ಹೇಳಿ.

ಕಾಪುವಿನಿಂದ: ಪೂರ್ತಿ ಬೇಡ. ಗೇಟಿನಿಂದ ಪೋರ್ಟಿಕೋವರೆಗೆ ಕಾರಿನ ಚಕ್ರ ಓಡುವ ಎರಡು ಪಟ್ಟಿ, ನಡೆಯಲು ಒಂದು ದಾರಿ, ಅಷ್ಟಕ್ಕೆ ಸಾಕು. ನಮ್ಮ ಕಡೆ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮ ಎರಡೂವರೆ ಸೆಂಟ್ಸಿನ ಮೇಲೇ ಮೂರೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ಇಟ್ಟಿಗೆಗಳ ಸಂದಿಯಲ್ಲಿ ಇಂಗುತ್ತದೆ ಅಂತ ಹೇಳುತ್ತಾರೆ. ಆದರೆ ಅಡಿಯಲ್ಲಿ ಕ್ರಷರ್ ಪುಡಿ ಹಾಕಿ ಗುದ್ದಿ ಗಟ್ಟಿ ಮಾಡಿರುತ್ತಾರಲ್ವಾ? ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರೆಲ್ಲ ಗೇಟು ದಾಟಿ ರಸ್ತೆಗೆ. ಮಾರ್ಚಿನಲ್ಲಿ ಅದೇ ಮನೆಯವರು ಬಾವಿ ಇಣುಕಿ ನೋಡುತ್ತಾರೆ.

ಅಂಬಲಪಾಡಿಯಿಂದ: ಇಂಟರ್‌ಲಾಕ್ ಮೇಲೆ ಕಟ್ಟುವ ಪಾಚಿಯ ವಿಷಯ ಮರೆಯಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅದೇ ದೊಡ್ಡ ತಲೆಬಿಸಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು, ಆ ನೀರು ಬಾವಿ ಕಡೆ ಹೋಗಬಾರದು. ಹಾಗಂತ ಮಣ್ಣಿನ ಅಂಗಳವೂ ಸುಲಭ ಅಲ್ಲ. ಮಳೆಗಾಲದಲ್ಲಿ ಕೆಸರು, ಆಮೇಲೆ ಹುಲ್ಲು ಕೆತ್ತಬೇಕು, ಸಾರಿಸಬೇಕು. ಸಾರಿಸುವುದು ಯಾರು ಅಂತ ಅತ್ತೆ ಹತ್ತಿರ ಈಗಲೇ ಮಾತಾಡಿಕೊಳ್ಳಿ!

ಶಂಕರಪುರದಿಂದ: ಲಾನ್ ಆಸೆ ಬಿಡಿ. 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನಲ್ಲಿ ನೀರು ಖಾಲಿಯಾಗಿ ಉಡುಪಿ, ಮಣಿಪಾಲದವರು ಟ್ಯಾಂಕರ್ ಕಾದದ್ದು ನೆನಪಿಲ್ವಾ? ಹುಲ್ಲಿಗೆ ಎಲ್ಲಿಂದ ಸುರಿಯುತ್ತೀರಿ? ಅದರ ಬದಲು ಬಿಸಿಲು ಬೀಳುವ ಮೂಲೆಗೆ ಬಸಳೆ ಚಪ್ಪರ ಹಾಕಿ. ಅಡಿಕೆ ಮರದ ಕಂಬ, ಮೇಲೆ ಬಿದಿರಿನ ಸಲಾಕೆ. ಎದೆಯೆತ್ತರ ಇದ್ದರೆ ಕೊಯ್ಯಲು ಸುಲಭ. ಬುಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ. ತರಕಾರಿ, ಅಕ್ಕಿ ತೊಳೆದ ನೀರು ಹಾಕಿದರೂ ಆಗುತ್ತದೆ. ದಂಡು ಹೆಬ್ಬೆರಳಿನಷ್ಟು ದಪ್ಪವಾದಾಗ ಕೊಯ್ದು ಹಲಸಿನ ಬೀಜ ಹಾಕಿ ಕೊದ್ದೆಲ್ (ನಮ್ಮ ಕಡೆಯ ಸಾಂಬಾರು) ಮಾಡಿ. ಅಂಗಡಿಯ ಬಸಳೆಗೆ ಆ ರುಚಿ ಇಲ್ಲ. ಪಕ್ಕದಲ್ಲಿ ಎರಡು ಮಲ್ಲಿಗೆ ಗಿಡ ಇರಲಿ, ಆದರೆ ನಡುವೆ ಸ್ವಲ್ಪ ಬಯಲು ಬಿಡಿ. ಹಪ್ಪಳ ಒಣಗಿಸಲು ಟೆರೇಸಿಗೆ ಹತ್ತುವ ವಯಸ್ಸಾ ಅತ್ತೆಯದು?

ಕುಲಶೇಖರದಿಂದ: ಮೇಲಿನವರು ಹೇಳಿದ್ದೇ ಸರಿ. ಒಂದು ಮಾತು ಸೇರಿಸುತ್ತೇನೆ. ಈ ವರ್ಷ ಏನೂ ಹಾಸಬೇಡಿ. ಒಂದು ಮಳೆಗಾಲ ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ನಿಲ್ಲುವಲ್ಲಿ ಇಂಗುಗುಂಡಿ, ಏರಿನಲ್ಲಿ ದಾರಿ. ಕಂಟ್ರಾಕ್ಟರ್ ಅರ್ಜೆಂಟ್ ಮಾಡುತ್ತಾರೆ, ಮಾಡಲಿ.