ಮೀಟರ್‌ನಲ್ಲಿ 80, ಟೈರ್ ಮಾತ್ರ ಮೆತ್ತಗೆ!

ಹೊಸಪೆಡಲ್:
ಸಾಕಾಗಿ ಹೋಗಿದೆ. ಹೊಸ ಸೈಕಲ್, ಎಷ್ಟು ಗಾಳಿ ಹೊಡೆದರೂ ಹಿಂದಿನ ಚಕ್ರ ಮೆತ್ತಗೇ ಇರುತ್ತದೆ. ಪಂಪಿನ ಒತ್ತಡದ ಮೀಟರ್ 80 ಪಿಎಸ್‌ಐ ತೋರಿಸುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಟೈರು ಒಳಕ್ಕೆ ಹೋಗುತ್ತದೆ. ನಿನ್ನೆ ಗುಂಡಿಗೆ ಇಳಿದಿದ್ದೇ ತಡ, ಪಂಕ್ಚರ್. ಎಷ್ಟು ಗಾಳಿ ಹಾಕಬೇಕು, ಒಂದೇ ಮಾತಲ್ಲಿ ಹೇಳಿಬಿಡಿ.

ಚೈನೆಣ್ಣೆ:
ಟೈರಿನ ಅಗಲ ಎಷ್ಟು? ನಿಮ್ಮ ತೂಕ? ಇವೆರಡೂ ಗೊತ್ತಿಲ್ಲದೆ ಏನಂತ ಹೇಳೋದು?

ಹೊಸಪೆಡಲ್:
ಮಾಮೂಲಿ ಕಪ್ಪು ಟೈರು.

ಗಾಳಿಪಟ:
ಮುಳ್ಳು ಸರ್, ಅನುಮಾನವೇ ಬೇಡ. ಟೈರಿನ ಒಳಗೆ ಹಳೇ ಬಟ್ಟೆ ಸವರಿ ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ.

ಹೊಸಪೆಡಲ್:
ಮುಳ್ಳು ಇಲ್ಲ. ಟ್ಯೂಬಲ್ಲಿ ಅಕ್ಕಪಕ್ಕ ಎರಡು ತೂತು.

ಚೈನೆಣ್ಣೆ:
ಇದನ್ನು ಮೊದಲೇ ಹೇಳಬಾರದಾ! ಅದು ಸ್ನೇಕ್ ಬೈಟ್. ಗಾಳಿ ಕಮ್ಮಿ ಇದ್ದಾಗ ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿನ ಎರಡೂ ಅಂಚಿಗೆ ಸಿಕ್ಕಿ ತೂತಾಗುತ್ತದೆ. ಟೈರಿನ ಪಕ್ಕದಲ್ಲಿ ಏನು ಬರೆದಿದೆ ಓದಿ.

ಗಾಳಿಪಟ:
ಆದರೂ ಇನ್ನೊಂದು ಸಲ ಬಟ್ಟೆ ಸವರಿ. ತಂತಿ ಚೂರು ಕಣ್ಣಿಗೆ ಕಾಣಲ್ಲ.

ಹೊಸಪೆಡಲ್:
32-622. ಗರಿಷ್ಠ 85 ಪಿಎಸ್‌ಐ ಅಂತಲೂ ಇದೆ, ಅದಕ್ಕೇ 80 ಹಾಕಿದ್ದು. ತೂಕ 78 ಕಿಲೋ.

ಬಾರ್‌ಪಕ್ಷ:
32 ಅಂದರೆ ಅಗಲ 32 ಎಂಎಂ, 622 ರಿಮ್ಮಿನ ಅಳತೆ. 85 ದಾಟಬಾರದ ಗೆರೆ ಅಷ್ಟೇ, ಅಲ್ಲಿವರೆಗೂ ಹೋಗಲೇಬೇಕು ಅಂತಿಲ್ಲ. ನಿಮ್ಮ ತೂಕಕ್ಕೆ ಮುಂದೆ 4, ಹಿಂದೆ 4.5 ಬಾರ್‌ನಿಂದ ಶುರು ಮಾಡಿ. ಹಿಂದೆ ಭಾರ ಜಾಸ್ತಿ ಬೀಳುತ್ತದೆ.

ಗಾಳಿಪಟ:
ಪಿಎಸ್‌ಐನಲ್ಲಿ ಹೇಳಿ ಸ್ವಾಮಿ.

ಬಾರ್‌ಪಕ್ಷ:
14.5ರಿಂದ ಗುಣಿಸಿ.

ಗಾಳಿಪಟ:
ಪಂಪಲ್ಲಿ ದಪ್ಪಕ್ಷರದಲ್ಲಿ ಪಿಎಸ್‌ಐ ಇರುವಾಗ ಮಗ್ಗಿ ಯಾಕೆ?

ಚೈನೆಣ್ಣೆ:
58 ಮತ್ತು 65. ಮುಗೀತಾ? ಈಗ ಅಸಲು ವಿಷಯ. 80 ತೋರಿಸಿಯೂ ಟೈರು ಮೆತ್ತಗಿದೆ ಅಂದರೆ ಗಾಳಿ ಒಳಗೆ ಹೋಗೇ ಇಲ್ಲ. ವಾಲ್ವ್ ಸಣ್ಣಗಿದ್ದು ತುದಿಯಲ್ಲಿ ಪುಟ್ಟ ನಟ್ ಇದೆಯಾ? ಹಾಗಾದರೆ ಅದು ಪ್ರೆಸ್ಟಾ. ನಟ್ ಪೂರ್ತಿ ಸಡಿಲಿಸಿ, ತುದಿಯನ್ನು ಬೆರಳಲ್ಲಿ ಒಂದು ಸಲ ಒತ್ತಿ. ಪುಸ್ ಅಂದಮೇಲೆ ಪಂಪ್ ಸಿಕ್ಕಿಸಿ. ವಾಲ್ವ್ ಅಂಟಿಕೊಂಡಿದ್ದರೆ ಮೀಟರ್ ತೋರಿಸೋದು ಪೈಪಿನೊಳಗಿನ ಒತ್ತಡ. ಒಂದೆರಡು ಸಲ ಹೊಡೆಯುವಷ್ಟರಲ್ಲೇ 80ಕ್ಕೆ ಹಾರಿದರೆ ಇದೇ ಕಾಯಿಲೆ.

ಹೊಸಪೆಡಲ್:
ಒತ್ತಿ ಹೊಡೆದೆ. ಈ ಸಲ ಮೀಟರ್ ನಿಧಾನಕ್ಕೆ ಏರಿತು, 65ಕ್ಕೇ ಟೈರು ಕಲ್ಲಿನ ಹಾಗಿದೆ. ಆದರೆ ಪಂಪ್ ಕೀಳುವಾಗ ಗಾಳಿ ಹೋಗುತ್ತಲ್ಲ?

ಬಾರ್‌ಪಕ್ಷ:
ಅದು ಪೈಪಿನ ಗಾಳಿ. ಗಾಬರಿ ಬೇಡ. ನಟ್ ವಾಪಸ್ ಬಿಗಿ ಮಾಡಿ. ಸುಮ್ನೆ ನಿಲ್ಲಿಸಿದ್ದರೂ ಟ್ಯೂಬಿಂದ ನಿಧಾನಕ್ಕೆ ಗಾಳಿ ಇಳಿಯುತ್ತದೆ, ವಾರಕ್ಕೊಮ್ಮೆ ನೋಡಿಕೊಳ್ಳಿ.

ಮೂರನೇಗೇರ್:
ಈ ತಲೆನೋವೆಲ್ಲ ಯಾಕೆ? ಟ್ಯೂಬ್‌ಲೆಸ್‌ಗೆ ಬನ್ನಿ. ನನ್ನದು 40 ಎಂಎಂ ಟೈರು, ಬರೀ 35 ಪಿಎಸ್‌ಐ. ಮೋಡದ ಮೇಲೆ ಹೋದ ಹಾಗೆ. ರಿಮ್ಮು ಕಾರ್ಬನ್, ಹುಕ್‌ಲೆಸ್, ಅಂದರೆ ಟೈರು ಹಿಡಿಯುವ ಕೊಕ್ಕೆ ಅಂಚಿಲ್ಲದ್ದು.

ಗಾಳಿಪಟ:
ಒಳಗೆ ಹಾಕೋ ತೂತು ಮುಚ್ಚುವ ದ್ರವ, ಸೀಲೆಂಟ್, ಒಣಗಿ ಟೈರಿಗೆ ಅಂಟಿದಾಗ ಕೆರೆಯೋದು ಯಾರು?

ಬಾರ್‌ಪಕ್ಷ:
ಹುಕ್‌ಲೆಸ್ ರಿಮ್ಮಲ್ಲಿ 5 ಬಾರ್ ದಾಟಬಾರದು, ಹೊಸಬರಿಗೆ ಅದನ್ನೂ ಹೇಳಿ.

ಮೂರನೇಗೇರ್:
ನಾನು ಅದರ ಅರ್ಧದಷ್ಟೂ ಹಾಕಲ್ಲ. ಅಂದಹಾಗೆ ಚಕ್ರದ ನಡುವಿನ ಹಬ್ಬೂ ಹೊಸದು. ಸದ್ದು ಕೇಳಬೇಕು ನೀವು, ವಿಡಿಯೊ ಹಾಕಲಾ?

ಹೊಸಪೆಡಲ್:
ಮಳೆ ಬಂದರೆ ಗಾಳಿ ಕಮ್ಮಿ ಮಾಡಬೇಕಾ?

ಚೈನೆಣ್ಣೆ:
ಸ್ವಲ್ಪ. ಇಳಿಸೋದು ಐದು ಪಿಎಸ್‌ಐ ಒಳಗೇ ಇರಲಿ. ಮತ್ತೆ ಸ್ನೇಕ್ ಬೈಟ್ ಆಗದ ಹಾಗೆ ನೋಡಿಕೊಳ್ಳಿ.

ಗಾಳಿಪಟ:
ವಿಡಿಯೊ ಹಾಕಿ ಸರ್. ಎಷ್ಟು ಪಾಲ್‌ದು ಹಬ್ಬು, ಅದೇ ಒಳಗೆ ಟಿಕಟಿಕ ಅನ್ನೋ ಹಲ್ಲು?