'ಎಲೆಕ್ಟ್ರಾನ್ ಸೆರೆ', 'ಪುನಸ್ಸಂಯೋಗ': ಎರಡರ ಅರ್ಥವೂ ಒಂದೆಯೇ?

ಮಾನ್ಯರೇ,

ಹೆಚ್ಚು ಆವೇಶವುಳ್ಳ ಭಾರವಾದ ಅಯಾನುಗಳು, ಅಂದರೆ ಹಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುಗಳು, ಎಲೆಕ್ಟ್ರಾನನ್ನು ಮರಳಿ ಕೂಡಿಸಿಕೊಳ್ಳುವ ಕ್ರಿಯೆಗೆ 'ಪುನಸ್ಸಂಯೋಗ' ಎಂದೂ 'ಎಲೆಕ್ಟ್ರಾನ್ ಸೆರೆ' ಎಂದೂ ಬರೆಯುವುದುಂಟು. ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ಸರಿಯೇ? ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ತನ್ನ 92 ಎಲೆಕ್ಟ್ರಾನುಗಳನ್ನೂ ಕಳೆದುಕೊಂಡ ಯುರೇನಿಯಂ ಅಯಾನನ್ನು ತೆಗೆದುಕೊಳ್ಳಿ. ಹತ್ತಿರ ಬಂದ ಎಲೆಕ್ಟ್ರಾನು ಅದರ ಅತ್ಯಂತ ಒಳಗಿನ ಕವಚಕ್ಕೆ ನೇರವಾಗಿ ಇಳಿದರೆ, ಎಲೆಕ್ಟ್ರಾನಿನ ಚಲನಶಕ್ತಿಯೂ ಆ ಕವಚದ ಬಂಧನಶಕ್ತಿಯೂ ಕೂಡಿ ಒಂದು ಎಕ್ಸ್-ಕಿರಣ ಫೋಟಾನಾಗಿ ಹೊರಬೀಳುತ್ತವೆ. ಹೈಡ್ರೋಜನ್ನಿನಲ್ಲಿ 13.6 ಎಲೆಕ್ಟ್ರಾನ್ ವೋಲ್ಟ್ ಮಾತ್ರ ಇರುವ ಬಂಧನಶಕ್ತಿ ಇಲ್ಲಿ ಸುಮಾರು 1,32,000 ಎಲೆಕ್ಟ್ರಾನ್ ವೋಲ್ಟ್. ಈ 'ವಿಕಿರಣ ಪುನಸ್ಸಂಯೋಗ'ದಲ್ಲಿ ಸೆರೆಯೂ ಬೆಳಕಿನ ಉತ್ಸರ್ಜನೆಯೂ ಒಂದೇ ಘಟನೆಯಾದುದರಿಂದ ಯಾವ ಪದ ಬಳಸಿದರೂ ಅರ್ಥ ಕೆಡುವುದಿಲ್ಲ.

ತೊಡಕಿರುವುದು ಅಯಾನಿನಲ್ಲಿ ಕೆಲವು ಎಲೆಕ್ಟ್ರಾನುಗಳು ಉಳಿದಿರುವಾಗ. ಮೂರೇ ಎಲೆಕ್ಟ್ರಾನುಗಳುಳ್ಳ ಯುರೇನಿಯಂ ಅಯಾನಿನಲ್ಲಿ ಹೊರಗಿನಿಂದ ಬಂದ ಎಲೆಕ್ಟ್ರಾನು ದೂರದ ಕಕ್ಷೆಯೊಂದರಲ್ಲಿ ಸಿಕ್ಕಿಕೊಳ್ಳುವಾಗ, ತಾನು ಬಿಟ್ಟುಕೊಟ್ಟ ಶಕ್ತಿಯಿಂದ ಒಳಗಿನ ಎಲೆಕ್ಟ್ರಾನೊಂದನ್ನು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ಶಕ್ತಿಯ ಲೆಕ್ಕ ತಾಳೆಯಾಗುವ ನಿರ್ದಿಷ್ಟ ವೇಗಗಳಲ್ಲಿ ಮಾತ್ರ ಇದು ಸಾಧ್ಯ. ಹಾಗೆ ಸೆರೆಯಾದ ಎಲೆಕ್ಟ್ರಾನು ಅಲ್ಲಿಯೇ ಉಳಿಯಬೇಕೆಂದೇನೂ ಇಲ್ಲ: ಮೇಲಕ್ಕೇರಿದ ಎಲೆಕ್ಟ್ರಾನು ಮೊದಲಿನ ಮಟ್ಟಕ್ಕೆ ಮರಳಿ ಆ ಶಕ್ತಿಯನ್ನು ಇದಕ್ಕೇ ಹಿಂತಿರುಗಿಸಿದರೆ, ಬಂದದ್ದು ಬಂದಂತೆಯೇ ಹೊರಟುಹೋಗುತ್ತದೆ. ಫೋಟಾನು ಹೊರಬಿದ್ದು, ಅಯಾನಿನಲ್ಲಿ ಉಳಿದ ಶಕ್ತಿ ಎಲೆಕ್ಟ್ರಾನನ್ನು ಹೊರದೂಡಲು ಸಾಲದಾದಾಗಲೇ ಕ್ರಿಯೆ ಪೂರ್ಣಗೊಳ್ಳುವುದು. ಆದ್ದರಿಂದ ಮೊದಲ ಹಂತಕ್ಕೆ 'ಸೆರೆ' ಎಂದೂ ಪೂರ್ಣ ಕ್ರಿಯೆಗೆ 'ಪುನಸ್ಸಂಯೋಗ' ಎಂದೂ ಹೇಳುವುದು ಉಚಿತ.

ಇನ್ನೊಂದು ಕಾರಣವೂ ಇದೆ. ಬೀಜಭೌತವಿಜ್ಞಾನದಲ್ಲಿ 'ಎಲೆಕ್ಟ್ರಾನ್ ಸೆರೆ' ಎಂದರೆ ನ್ಯೂಕ್ಲಿಯಸ್ಸೇ ಎಲೆಕ್ಟ್ರಾನನ್ನು ಹೀರಿಕೊಂಡು, ಒಂದು ಪ್ರೋಟಾನು ನ್ಯೂಟ್ರಾನಾಗಿ ಬದಲಾಗುವ ಕ್ಷಯ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅಯಾನುಗಳನ್ನು ವರ್ತುಲದಲ್ಲಿ ಸುತ್ತಿಸುತ್ತ ಹಿಡಿದಿಡುವ ಯಂತ್ರದಲ್ಲಿ ಈ ಎರಡೂ ಬಗೆಯ ಕ್ರಿಯೆಗಳನ್ನು ಅಧ್ಯಯನ ಮಾಡಿದ್ದಾರೆ. ಅಂಥ ಬರಹದಲ್ಲಿ ಎರಡಕ್ಕೂ ಒಂದೇ ಪದವಿದ್ದರೆ ಓದುಗರು ದಾರಿ ತಪ್ಪುವುದು ಖಂಡಿತ.

ಉಳಿದಿರುವ ಪ್ರಶ್ನೆ ಹೆಸರಿನದು. ಮೇಲೆ ಹೇಳಿದ ಎರಡು ಹಂತದ ಕ್ರಿಯೆಯನ್ನು 'ದ್ವಿಎಲೆಕ್ಟ್ರಾನ್ ಪುನಸ್ಸಂಯೋಗ' ಎಂದರೆ ಎರಡು ಎಲೆಕ್ಟ್ರಾನುಗಳು ಬಂದು ಸೇರಿದವೆಂಬ ಅರ್ಥ ಹೊಮ್ಮುತ್ತದೆ. ಸೇರುವುದು ಒಂದೇ, ಇನ್ನೊಂದು ಮೊದಲೇ ಒಳಗಿದ್ದದ್ದು. ಶಕ್ತಿ ತಾಳೆಯಾಗುವ ವೇಗಗಳಲ್ಲಿ ಮಾತ್ರ ನಡೆಯುವ ಕ್ರಿಯೆಯಾದುದರಿಂದ 'ಅನುರಣನ ಪುನಸ್ಸಂಯೋಗ' ಎಂಬುದು ನನಗೆ ಹೊಳೆದ ಪರ್ಯಾಯ. ಇದಕ್ಕಿಂತ ಸ್ಪಷ್ಟವಾದ ಪದ ತಿಳಿದವರು ದಯವಿಟ್ಟು ಸೂಚಿಸಬೇಕು.