ರಾಚೂಟಪ್ಪ ಯಾರು ಅಂತ ಕೇಳಿದೆಯಲ್ಲ ಪುಟ್ಟಿ

ಪುಟ್ಟಿ, ಬೆಳಿಗ್ಗೆ ಗ್ರೂಪಲ್ಲಿ ‘ಬಂಗಾರದ ಮನುಷ್ಯ’ದ ತುಣುಕು ಹಾಕಿ, ರಾಜ್‌ಕುಮಾರ್ ಜೊತೆ ಇರುವ ಆ ರಾಚೂಟಪ್ಪ ಯಾರು ಅಂತ ಕೇಳಿದ್ದೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತದೆ, ಮಾತಲ್ಲೇ ಹೇಳಿಬಿಡುತ್ತೇನೆ.

ಅವರು ಟಿ.ಎನ್. ಬಾಲಕೃಷ್ಣ. ನಮಗೆಲ್ಲ ಬಾಲಣ್ಣ. ಅರಸೀಕೆರೆಯವರು, ನಾಟಕ ಕಂಪನಿಯಲ್ಲಿ ಪಳಗಿದವರು. 1943ರ ‘ರಾಧಾರಮಣ’ದಿಂದ ಶುರು ಮಾಡಿ 500ಕ್ಕೂ ಜಾಸ್ತಿ ಸಿನಿಮಾ ಮಾಡಿದರು. ಇದರಲ್ಲಿ ವಿಶೇಷ ಏನು ಗೊತ್ತಾ? ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಆದರೂ ಒಂದು ಡೈಲಾಗ್ ತಡ ಆಯಿತು ಅಂತ ಅನಿಸುವುದೇ ಇಲ್ಲ! ಆ ತುಣುಕನ್ನೇ ಮತ್ತೆ ಹಾಕು. ಸೌಂಡ್ ತೆಗೆದು, ಬೇರೆಯವರು ಮಾತಾಡುವಾಗ ಬಾಲಣ್ಣನ ಕಣ್ಣು ಮಾತ್ರ ನೋಡು. ಅವರ ಸರದಿ ಬರುವ ಮೊದಲೇ ಮುಖ ಅರ್ಧ ಉತ್ತರ ಹೇಳಿರುತ್ತದೆ.

ಒಂದು ಕಾಲಕ್ಕೆ ಸಿನಿಮಾ ಕೆಲಸ ಕಮ್ಮಿ ಇತ್ತು. ಆಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ಊರೂರು ಸುತ್ತಿ ನಾಟಕ ಆಡಿದರು. ಆ ನಾಲ್ವರೇ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ಮಾಡಿದ್ದು. ಆಗೆಲ್ಲ ಕನ್ನಡ ಸಿನಿಮಾದ ಶೂಟಿಂಗಿಗೂ ಮದ್ರಾಸಿಗೇ ಓಡಬೇಕಿತ್ತು. ಅದಕ್ಕೇ ಬಾಲಣ್ಣ ಕೆಂಗೇರಿ ಹತ್ತಿರ, ಸರ್ಕಾರ ಕೊಟ್ಟ ಜಾಗದಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಆಗಿದ್ದು ಅಲ್ಲೇ. ನಟನೆಯಲ್ಲಿ ದುಡಿದದ್ದನ್ನು ಸ್ಟುಡಿಯೋಗೆ ಸುರಿದ ಮನುಷ್ಯ. ಬುದ್ಧಿವಂತಿಕೆ ಅಂತ ಯಾರೂ ಹೇಳಲ್ಲ ಬಿಡು, ನನಗೆ ಮಾತ್ರ ಅದಕ್ಕೇ ಅವರು ಇಷ್ಟ.

ರಾಚೂಟಪ್ಪನ ಪಾತ್ರ ಅಷ್ಟು ನಾಟುವುದಕ್ಕೆ ಇನ್ನೊಂದು ಕಾರಣ ಇದೆ. ಅವರು ಜಾಸ್ತಿ ಮಾಡುತ್ತಿದ್ದದ್ದು ಮನೆಮುರುಕನ ಪಾತ್ರ. ಹಲ್ಲು ಕಿರಿದು ನಗುತ್ತಲೇ ಬತ್ತಿ ಇಡುವ ಜನ ಇರುತ್ತಾರಲ್ವಾ, ಅಂಥದ್ದು. ನಮ್ಮಮ್ಮ ಬಾಲಣ್ಣ ಪರದೆ ಮೇಲೆ ಬಂದರೆ ಸಾಕು, “ಬಂದ ನೋಡು ಹಾಳಾದವನು” ಅಂತ ಬೈಯಲು ಶುರು. ಅದೇ ಅಮ್ಮ ರಾಚೂಟಪ್ಪನನ್ನು ನೋಡಿ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಭಾವ, ನೀವು ಈಗ ನರಸಿಂಹರಾಜು ಪರ ಜಗಳಕ್ಕೆ ಬರುತ್ತೀರಿ, ಗೊತ್ತು. ನಗಿಸುವುದರಲ್ಲಿ ಅವರೇ, ಒಪ್ಪಿದೆ. ಹೊಟ್ಟೆ ಉರಿಸುವುದರಲ್ಲಿ ಬಾಲಣ್ಣನೇ, ಅದನ್ನು ನೀವು ಒಪ್ಪಿ.